ಮಗುವಿಗೆ ಫಿಗರ್ ಸ್ಕೇಟರ್ ಆಗುವ ಆಸೆಯೇ? ಮೊದಲ ಬೂಟಿನಿಂದ ನಿವೃತ್ತಿಯವರೆಗಿನ ದಾರಿ

ಅಮೆರಿಕದ ಫ್ರೀಮಾಂಟ್ ಸುತ್ತಮುತ್ತ ಕನ್ನಡ ಮನೆಗಳು ಬೇಕಾದಷ್ಟಿವೆ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕ್ರಿಸ್ಟಿ ಯಾಮಾಗುಚಿ ಬೆಳೆದದ್ದು ಇದೇ ಊರಿನಲ್ಲಿ. ಎರಡು ಒಲಿಂಪಿಕ್ಸ್ ಕಂಡ ಕ್ಯಾರೆನ್ ಚೆನ್ ಕೂಡ ಇದೇ ಊರಿನವರು. ಅಲ್ಲಿಯ, ನ್ಯೂಜೆರ್ಸಿಯ, ಟೊರಾಂಟೊದ ನಮ್ಮ ಮಕ್ಕಳು ಯಾರದೋ ಹುಟ್ಟುಹಬ್ಬಕ್ಕೆಂದು ಐಸ್ ರಿಂಕ್‌ಗೆ ಹೋಗಿ, ಮನೆಗೆ ಬಂದ ಮೇಲೆ ‘ನನ್ನನ್ನು ಕ್ಲಾಸಿಗೆ ಸೇರಿಸಿ’ ಎಂದು ಹಟ ಹಿಡಿಯುವುದು ಅಪರೂಪವೇನಲ್ಲ. ಕ್ರಿಕೆಟ್, ಬ್ಯಾಡ್ಮಿಂಟನ್ ಆದರೆ ಯಾರನ್ನಾದರೂ ಕೇಳಬಹುದು. ಫಿಗರ್ ಸ್ಕೇಟಿಂಗ್ ಎಂದರೆ ನಮ್ಮ ಕುಟುಂಬಗಳಲ್ಲಿ ಕೇಳಲು ಸೋದರಮಾವನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಬರಹ.

ಈ ಕ್ರೀಡೆಯನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ಒಂದು ವಿಷಯ ಖಚಿತವಾಗಿದೆ: ಇಲ್ಲಿ ಆತುರಪಟ್ಟವರೇ ಹೆಚ್ಚು ಕಳೆದುಕೊಂಡಿದ್ದಾರೆ. ಹತ್ತು ವರ್ಷದ ಮಗು ಮೂರು ಸುತ್ತಿನ ಜಿಗಿತ ಹಾಕಿತೆಂದು ವಿಡಿಯೊ ಹಂಚಿಕೊಳ್ಳುವ ಕಾಲ ಇದು. ಆದರೆ ಹಿರಿಯರ (ಸೀನಿಯರ್) ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿಯಲು ಈಗ 17 ವರ್ಷ ತುಂಬಿರಲೇಬೇಕು. ನಡುವಿನ ವರ್ಷಗಳನ್ನು ಹೇಗೆ ಬಳಸುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲ ವರ್ಷ: ಗುಂಪಿನ ಕ್ಲಾಸು, ಬಾಡಿಗೆ ಬೂಟು

ಅಮೆರಿಕದಲ್ಲಿ ‘ಲರ್ನ್ ಟು ಸ್ಕೇಟ್ ಯುಎಸ್‌ಎ’, ಕೆನಡಾದಲ್ಲಿ ‘ಕ್ಯಾನ್‌ಸ್ಕೇಟ್’ ಎಂಬ ಕಾರ್ಯಕ್ರಮಗಳು ಬಹುತೇಕ ರಿಂಕ್‌ಗಳಲ್ಲಿ ನಡೆಯುತ್ತವೆ. ಸೇರಿಸಬೇಕಾದದ್ದು ಇವಕ್ಕೇ. ಮೊದಲ ದಿನವೇ ಖಾಸಗಿ ಕೋಚ್ ಹಿಡಿಯುವ ಅಗತ್ಯವಿಲ್ಲ. ನಾಲ್ಕು, ಐದು, ಆರನೇ ವಯಸ್ಸು ಒಳ್ಳೆಯದೇ. ಎಂಟು ಒಂಬತ್ತರಲ್ಲಿ ಶುರು ಮಾಡಿದರೂ ಬಾಗಿಲು ಮುಚ್ಚಿರುವುದಿಲ್ಲ. ಮಗುವಿನ ತಲೆಗೆ ಹೆಲ್ಮೆಟ್ ಇರಲಿ, ಕೈಗೆ ಗವಸು ಇರಲಿ. ಬೀಳುವುದನ್ನೂ ಎದ್ದು ನಿಲ್ಲುವುದನ್ನೂ ಮೊದಲು ಕಲಿಸುವ ಕ್ಲಾಸು ಒಳ್ಳೆಯ ಕ್ಲಾಸು ಎಂದು ತಿಳಿಯಿರಿ.

ಈ ಹಂತದಲ್ಲಿ ಗಮನಿಸಬೇಕಾದದ್ದು ಬ್ಲೇಡಿನ ಅಂಚು. ಫಿಗರ್ ಸ್ಕೇಟಿಂಗ್ ಬ್ಲೇಡಿನ ತಳ ಚಪ್ಪಟೆಯಾಗಿರುವುದಿಲ್ಲ. ನಡುವೆ ಸಣ್ಣ ತೋಡು, ಆಚೆ ಈಚೆ ಎರಡು ಅಂಚು. ಪಾದದ ಒಳಬದಿಯದು ಒಳ ಅಂಚು, ಹೊರಬದಿಯದು ಹೊರ ಅಂಚು. ಒಂದೇ ಕಾಲಿನ ಮೇಲೆ, ಒಂದೇ ಅಂಚಿನ ಮೇಲೆ ದೊಡ್ಡ ವೃತ್ತ ಬರೆಯುವಂತೆ ಜಾರುವುದು ಈ ಕ್ರೀಡೆಯ ಅಡಿಪಾಯ. ‘ಫಿಗರ್’ ಎಂಬ ಹೆಸರು ಬಂದದ್ದೇ ಮಂಜಿನ ಮೇಲೆ ಹೀಗೆ ಗೆರೆ ಬರೆಯುವ ಅಭ್ಯಾಸದಿಂದ. 1990ರವರೆಗೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ಗೆರೆಗಳಿಗೇ ಪ್ರತ್ಯೇಕ ಅಂಕ ಇತ್ತು. ಇಂದು ಆ ಸ್ಪರ್ಧೆ ಇಲ್ಲ, ಆದರೆ ಅಂಚು ಗಟ್ಟಿಯಿಲ್ಲದ ಮಗುವಿನ ಜಿಗಿತ ಎಂದೂ ಗಟ್ಟಿಯಾಗುವುದಿಲ್ಲ. ಮಗು ಸುಮ್ಮನೆ ವೃತ್ತ ಸುತ್ತುತ್ತಿದೆ, ಮುಂದೆ ಹೋಗುತ್ತಲೇ ಇಲ್ಲ ಎಂದು ಕೋಚ್ ಬಳಿ ದೂರುವ ಪೋಷಕರಿದ್ದಾರೆ. ದಯವಿಟ್ಟು ದೂರಬೇಡಿ. ಆ ವೃತ್ತಗಳಿಗೆ ನೀವು ಕೊಡುವ ಹಣ ಮುಂದೆ ಕೊಡುವ ಎಲ್ಲ ಹಣಕ್ಕಿಂತ ಸಾರ್ಥಕ.

ಭರತನಾಟ್ಯ ಕಲಿಯುತ್ತಿರುವ ಮಗುವಾಗಿದ್ದರೆ ಅದನ್ನು ಬಿಡಿಸಬೇಡಿ. ತಾಳದ ಲೆಕ್ಕ, ಮೊಣಕಾಲು ಮಡಚಿ ನಿಲ್ಲುವ ಶಕ್ತಿ, ನೋಟವನ್ನು ಪ್ರೇಕ್ಷಕರತ್ತ ಎಸೆಯುವ ಧೈರ್ಯ ಮೂರೂ ಮಂಜಿನ ಮೇಲೆ ಕೆಲಸಕ್ಕೆ ಬರುತ್ತವೆ.

ಬೂಟು ಮತ್ತು ಬ್ಲೇಡ್: ಇಲ್ಲಿ ಸಮಯ ಕೊಡಿ

ಒಂದು ಋತು ಕಳೆದ ಮೇಲೂ ಮಗುವಿನ ಉತ್ಸಾಹ ಇಳಿದಿಲ್ಲವೆಂದರೆ ಸ್ವಂತ ಬೂಟು ಕೊಡಿಸುವ ಕಾಲ ಬಂತು. ನಮ್ಮಲ್ಲಿ ಮಕ್ಕಳಿಗೆ ಚಪ್ಪಲಿ, ಶೂ ಕೊಳ್ಳುವಾಗ ‘ಬೆಳೆಯುವ ಕಾಲು, ಒಂದು ಸೈಜ್ ದೊಡ್ಡದೇ ಇರಲಿ’ ಎನ್ನುವ ರೂಢಿಯಿದೆ. ಸ್ಕೇಟಿಂಗ್ ಬೂಟಿನಲ್ಲಿ ಅದು ಸಲ್ಲದು. ಹಿಮ್ಮಡಿ ಒಳಗೆ ಅಲುಗಾಡಿದರೆ ಅಂಚು ಹಿಡಿತಕ್ಕೆ ಸಿಗುವುದಿಲ್ಲ, ಕಣಕಾಲು ಹೊರಳುತ್ತದೆ. ತೆಳ್ಳಗಿನ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಲೇಸು ಕಟ್ಟಿದಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಹಗುರವಾಗಿ ತಾಗುವಂತಿರಬೇಕು. ಮೊಣಕಾಲು ಮಡಚಿದೊಡನೆ ಬೆರಳು ಸ್ವಲ್ಪ ಹಿಂದೆ ಸರಿಯಬೇಕು.

ಜಾಕ್ಸನ್, ರಿಡೆಲ್, ಎಡಿಯಾ, ರಿಸ್ಪೋರ್ಟ್ ಪರಿಚಿತ ಬ್ರ್ಯಾಂಡ್‌ಗಳು. ಬ್ರ್ಯಾಂಡ್‌ಗಿಂತ ಬೂಟಿನ ಬಿಗುವು ನೋಡಿ. ಎರಡು, ಮೂರು ಸುತ್ತಿನ ಜಿಗಿತ ಹಾಕುವವರಿಗೆಂದು ಮಾಡಿದ ಗಟ್ಟಿ ಬೂಟನ್ನು ಇಪ್ಪತ್ತು ಕಿಲೊ ತೂಕದ ಮಗುವಿಗೆ ಹಾಕಿದರೆ ಅದಕ್ಕೆ ಕಣಕಾಲು ಬಗ್ಗಿಸಲೇ ಆಗುವುದಿಲ್ಲ. ‘ಒಳ್ಳೆಯದನ್ನೇ ಕೊಡಿಸೋಣ’ ಎಂದು ದುಬಾರಿ ಬೂಟು ತಂದು ಮಗುವಿನ ಕಲಿಕೆಯನ್ನೇ ನಿಲ್ಲಿಸಿಬಿಡುವುದು ನಮ್ಮ ಮನೆಗಳಲ್ಲಿ ನಡೆಯುವ ಸಾಮಾನ್ಯ ತಪ್ಪು. ಬೂಟು ಅಳೆಯುವ ಅಂಗಡಿಯವರಿಗೆ ಮಗುವಿನ ತೂಕವನ್ನೂ ಈಗ ಕಲಿಯುತ್ತಿರುವ ಜಿಗಿತವನ್ನೂ ಹೇಳಿ, ಕೋಚ್ ಅವರನ್ನೂ ಒಂದು ಮಾತು ಕೇಳಿ.

ಲೇಸು ಕಟ್ಟುವುದಕ್ಕೂ ಕ್ರಮವಿದೆ. ಬೆರಳುಗಳ ಮೇಲೆ ಸಡಿಲ, ಪಾದ ಮಡಚುವ ಜಾಗದಲ್ಲಿ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ತುಸು ಸಡಿಲ. ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆ ಬಿಗಿದರೆ ಬೆರಳು ಮರಗಟ್ಟುತ್ತದೆ, ಮೊಣಕಾಲು ಮಡಚುವುದಿಲ್ಲ. ಮಗು ಎಂಟೊಂಬತ್ತು ವರ್ಷದ್ದಾದರೆ ತಾನೇ ಕಟ್ಟಿಕೊಳ್ಳಲಿ. ಕಟ್ಟಿಕೊಳ್ಳುವಾಗಲೇ ಯಾವ ಕಾಲು ಇಂದು ನೋಯುತ್ತಿದೆ ಎಂದು ಅದಕ್ಕೆ ಗೊತ್ತಾಗುತ್ತದೆ.

ಅಭ್ಯಾಸ ಮುಗಿದ ಮೇಲೆ ಬ್ಲೇಡನ್ನು ಒಣ ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಲಿಲ್ಲ. ತಣ್ಣಗಿನ ಉಕ್ಕು ಬೆಚ್ಚಗಿನ ಕೋಣೆಗೆ ಬಂದಾಗ ಅದರ ಮೇಲೆ ಮತ್ತೆ ನೀರು ಕೂರುತ್ತದೆ. ಐದು ನಿಮಿಷ ಬಿಟ್ಟು, ತಿರುಪುಗಳ ಸುತ್ತಲೂ ಸೇರಿಸಿ ಇನ್ನೊಮ್ಮೆ ಒರೆಸಿ. ಪ್ಲಾಸ್ಟಿಕ್ ಗಾರ್ಡ್ ರಬ್ಬರ್ ನೆಲದ ಮೇಲೆ ನಡೆಯಲು ಮಾತ್ರ. ಅದನ್ನು ಹಾಕಿಯೇ ಚೀಲಕ್ಕೆ ತುರುಕಿದರೆ ಒಳಗಿನ ತೇವದಿಂದ ಬ್ಲೇಡ್ ತುಕ್ಕು ಹಿಡಿಯುತ್ತದೆ. ಚೀಲದಲ್ಲಿಡುವಾಗ ಬಟ್ಟೆಯ ಮೆತ್ತನೆಯ ಕವಚ ಹಾಕಿ.

ಸಾಣೆ ಹಿಡಿಸುವುದು ಐಸ್ ಹಾಕಿ ಆಟದ ಸಾಮಾನಿನ ಅಂಗಡಿಯಲ್ಲಿ ಬೇಡ. ಫಿಗರ್ ಬ್ಲೇಡಿನ ಮುಂತುದಿಯಲ್ಲಿರುವಂಥ ಹಲ್ಲುಗಳು ಐಸ್ ಹಾಕಿ ಬ್ಲೇಡಿಗೆ ಇರುವುದಿಲ್ಲ. ಅದೇ ಅಭ್ಯಾಸದಲ್ಲಿ ಫಿಗರ್ ಬ್ಲೇಡಿನ ಕೆಳಹಲ್ಲನ್ನು ಉಜ್ಜಿಬಿಟ್ಟರೆ ಬ್ಲೇಡ್ ಹಾಳಾದಂತೆಯೇ. ಫಿಗರ್ ಬ್ಲೇಡಿಗೇ ಸಾಣೆ ಹಿಡಿಯುವವರನ್ನು ಹುಡುಕಿ. ಮರಳಿ ತಂದ ಮೇಲೆ ಬೂಟನ್ನು ತಲೆಕೆಳಗು ಮಾಡಿ ಬ್ಲೇಡಿನ ಅಡ್ಡಕ್ಕೆ ಒಂದು ನಾಣ್ಯ ಇಟ್ಟು ನೋಡಿ. ನಾಣ್ಯ ಒಂದು ಬದಿಗೆ ವಾಲಿದರೆ ಎರಡು ಅಂಚುಗಳ ಎತ್ತರ ಸಮವಿಲ್ಲ ಎಂದರ್ಥ. ಹಾಗಿದ್ದರೆ ಮಗು ಎಷ್ಟೇ ಪ್ರಯತ್ನಿಸಿದರೂ ಒಂದು ಅಂಚಿನ ಮೇಲೆ ನಿಲ್ಲಲಾರದು, ‘ನಿನ್ನೆ ಬರುತ್ತಿತ್ತು, ಇಂದು ಬರುತ್ತಿಲ್ಲ’ ಎಂದು ಅಳುತ್ತದೆ. ಬೈಯುವ ಮೊದಲು ನಾಣ್ಯ ಇಟ್ಟು ನೋಡಿ.

ಕೋಚ್ ಆಯ್ಕೆ

ಒಂದು ಸುತ್ತಿನ ಜಿಗಿತಗಳು ಬರತೊಡಗಿದಾಗ ಖಾಸಗಿ ಕೋಚ್ ಬೇಕಾಗುತ್ತಾರೆ. ಅವರು ಸ್ವತಃ ಗೆದ್ದ ಪದಕಗಳ ಪಟ್ಟಿಗಿಂತ ಅವರ ಬಳಿ ಐದಾರು ವರ್ಷದಿಂದ ಉಳಿದಿರುವ ಮಕ್ಕಳ ಪಟ್ಟಿ ಹೆಚ್ಚು ಮಾತಾಡುತ್ತದೆ. ರಿಂಕ್‌ನ ಬದಿಯಲ್ಲಿ ಕುಳಿತು ಒಂದು ಗಂಟೆ ಸುಮ್ಮನೆ ನೋಡಿ. ಮಗು ಬಿದ್ದಾಗ ಮೊದಲು ಏನು ಹೇಳುತ್ತಾರೆ? ಹದಿನೈದರ ಹುಡುಗಿಯರ ತೂಕದ ಬಗ್ಗೆ ಎಲ್ಲರೆದುರು ಮಾತಾಡುತ್ತಾರೆಯೇ? ನೋವಿದೆ ಎಂದು ಮಗು ಹೇಳಿದಾಗ ಅಭ್ಯಾಸ ನಿಲ್ಲಿಸುತ್ತಾರೆಯೇ? ಉತ್ತರ ನಿಮ್ಮ ಕಣ್ಣೆದುರೇ ಸಿಗುತ್ತದೆ.

ಅಮೆರಿಕದಲ್ಲಿ 2017ರಲ್ಲಿ ‘ಸೇಫ್‌ಸ್ಪೋರ್ಟ್’ ಎಂಬ ಸ್ವತಂತ್ರ ಕೇಂದ್ರ ಆರಂಭವಾಗಿದೆ. ಕ್ರೀಡೆಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಇದು ವಿಚಾರಿಸುತ್ತದೆ, ಶಿಕ್ಷೆಗೊಳಗಾದವರ ಹೆಸರುಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಕೋಚ್ ಜೊತೆ ಒಪ್ಪಂದಕ್ಕೆ ಮೊದಲು ಆ ಪಟ್ಟಿ ನೋಡುವುದರಲ್ಲಿ ಸಂಕೋಚ ಬೇಡ. ‘ಗುರುಗಳನ್ನು ಪರೀಕ್ಷಿಸಬಾರದು’ ಎಂಬ ನಮ್ಮ ಸಂಸ್ಕಾರವನ್ನು ಈ ಒಂದು ವಿಷಯದಲ್ಲಿ ಬದಿಗಿಡಲೇಬೇಕು. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಅಭ್ಯಾಸ, ಕೋಚ್ ಮತ್ತು ಮಗುವಿನ ನಡುವೆ ನೀವು ನೋಡಬಾರದ ಸಂದೇಶಗಳು ಇವೆರಡನ್ನೂ ಮೊದಲ ದಿನವೇ ಬೇಡವೆನ್ನಿ.

ಜಿಗಿತಗಳು ಮತ್ತು ಬೆಳೆಯುವ ಮೂಳೆಗಳು

ಜಿಗಿತಗಳು ಒಟ್ಟು ಆರು: ಟೋ ಲೂಪ್, ಸಾಲ್ಕೋವ್, ಲೂಪ್, ಫ್ಲಿಪ್, ಲಟ್ಸ್, ಆಕ್ಸೆಲ್. ಯಾವ ಅಂಚಿನಿಂದ ಮೇಲೇಳುತ್ತಾರೆ, ಮುಂದಿನ ಹಲ್ಲನ್ನು ಊರುತ್ತಾರೆಯೋ ಇಲ್ಲವೋ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಎಲ್ಲದರಲ್ಲೂ ಇಳಿಯುವುದು ಹಿಮ್ಮುಖವಾಗಿ, ಹೊರ ಅಂಚಿನ ಮೇಲೆ. ಆಕ್ಸೆಲ್ ಒಂದರಲ್ಲಿ ಮಾತ್ರ ಮೇಲೇಳುವುದು ಮುಮ್ಮುಖವಾಗಿ. ಆದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. ನಾರ್ವೆಯ ಆಕ್ಸೆಲ್ ಪಾಲ್ಸನ್ 1882ರಲ್ಲಿ ಹಾಕಿದ ಈ ಜಿಗಿತ ಇಂದಿಗೂ ಮಕ್ಕಳನ್ನು ಅಳಿಸುತ್ತದೆ. ಎರಡು ಸುತ್ತಿನ ಆಕ್ಸೆಲ್ ಎಂದರೆ ನಿಜಕ್ಕೂ ಎರಡೂವರೆ ಸುತ್ತು. ಅದು ಕೈಗೆಟುಕಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೇ ಮೀರುತ್ತದೆ. ನಾಲ್ಕು ಸುತ್ತಿನ ಆಕ್ಸೆಲ್ ಅನ್ನು ಸ್ಪರ್ಧೆಯಲ್ಲಿ ಮೊದಲು ಯಶಸ್ವಿಯಾಗಿ ಹಾಕಿದವರು ಅಮೆರಿಕದ ಇಲ್ಯಾ ಮಲಿನಿನ್, 2022ರ ಸೆಪ್ಟೆಂಬರ್‌ನಲ್ಲಿ, ಲೇಕ್ ಪ್ಲಾಸಿಡ್‌ನಲ್ಲಿ. ಪಾಲ್ಸನ್ ಅವರಿಂದ ಅಲ್ಲಿಗೆ 140 ವರ್ಷ.

ಜಿಗಿತದಿಂದ ಇಳಿಯುವಾಗ ಒಂದೇ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಮೂಳೆ ಉದ್ದವಾಗುತ್ತಿರುವ ವರ್ಷಗಳಲ್ಲಿ, ಅಂದರೆ ಹೆಣ್ಣುಮಕ್ಕಳಿಗೆ ಸುಮಾರು ಹನ್ನೊಂದರಿಂದ ಹದಿನಾಲ್ಕು, ಗಂಡುಮಕ್ಕಳಿಗೆ ಇನ್ನೆರಡು ವರ್ಷ ತಡವಾಗಿ, ಈ ಭಾರವನ್ನು ಲೆಕ್ಕವಿಟ್ಟು ಹೊರಿಸಬೇಕು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮಗು ದಿನಕ್ಕೆ ಹಾಕಿದ ಜಿಗಿತಗಳ ಎಣಿಕೆ ಬರೆಯಲಿ. ಒಂದು ವಾರದಲ್ಲಿ ಆ ಸಂಖ್ಯೆ ದಿಢೀರನೆ ಏರಿದರೆ ಕೋಚ್ ಜೊತೆ ಮಾತಾಡಿ. ಬೆನ್ನಿನ ಕೆಳಭಾಗ, ಸೊಂಟ, ಪಾದದ ಮೇಲಿನ ಒಂದೇ ಜಾಗದಲ್ಲಿ ನೋವು ಎರಡು ವಾರ ಉಳಿದರೆ ಅದು ‘ಸುಸ್ತು’ ಅಲ್ಲ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಕ್ರೀಡಾ ವೈದ್ಯರಿಗೆ ತೋರಿಸಿ. ಸುತ್ತುವುದನ್ನು ಅಭ್ಯಾಸ ಮಾಡಲು ಮಂಜಿನ ಹೊರಗೆ, ನೆಲದ ಮೇಲೆ, ಪಟ್ಟಿ ಕಟ್ಟಿ ಮೇಲಕ್ಕೆತ್ತುವ ಸಾಧನದಲ್ಲಿ ದಾರಿಗಳಿವೆ. ಎಲ್ಲವನ್ನೂ ಮಂಜಿನ ಮೇಲೆ ಬಿದ್ದೇ ಕಲಿಯಬೇಕಿಲ್ಲ.

ಊಟದ ಮಾತು ಇಲ್ಲಿಯೇ ಬರಬೇಕು. ಹಗುರವಾದ ದೇಹ ಬೇಗ ಸುತ್ತುತ್ತದೆ ಎಂಬ ಭೌತಶಾಸ್ತ್ರ ಸರಿಯೇ. ಅದನ್ನೇ ಹಿಡಿದು ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಡುವ ರೂಢಿ ಈ ಕ್ರೀಡೆಯ ದೊಡ್ಡ ಪಾಪ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿಟ್‌ಸ್ಕಾಯಾ ಆಗ 15ರ ಹುಡುಗಿ. 19ಕ್ಕೇ ನಿವೃತ್ತಿ ಘೋಷಿಸಿದರು. ಊಟ ಸೇರದ ಕಾಯಿಲೆಯೊಂದಿಗೆ (ಅನೊರೆಕ್ಸಿಯಾ) ತಾವು ಹೋರಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮಗು ಊಟದ ತಟ್ಟೆಯಿಂದ ಅನ್ನ ತೆಗೆದಿಡುತ್ತಿದ್ದರೆ, ಮುಟ್ಟು ನಿಂತುಹೋಗಿದ್ದರೆ, ಅದನ್ನು ‘ಶಿಸ್ತು’ ಎಂದು ಹೊಗಳಬೇಡಿ. ಅಂಥ ದೇಹದಲ್ಲಿ ಮೂಳೆ ಸವೆಯುತ್ತಿರುತ್ತದೆ.

ಅಂಕಪಟ್ಟಿ ಓದಲು ಕಲಿಯಿರಿ

2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನ ತೀರ್ಪಿನ ಹಗರಣದ ನಂತರ 6.0 ಅಂಕದ ಹಳೆಯ ಪದ್ಧತಿ ಹೋಯಿತು. ಈಗ ಪ್ರತಿ ಜಿಗಿತಕ್ಕೆ, ಗಿರಕಿಗೆ, ಹೆಜ್ಜೆಗಳ ಸಾಲಿಗೆ ಮೂಲ ಬೆಲೆ ಇದೆ. ತೀರ್ಪುಗಾರರು ಅದರ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡುತ್ತಾರೆ, ಒಂದೊಂದು ಮೆಟ್ಟಿಲಿಗೆ ಮೂಲ ಬೆಲೆಯ ಶೇ 10 ಕೂಡುತ್ತದೆ ಅಥವಾ ಕಳೆಯುತ್ತದೆ. ಇದರ ಮೇಲೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರು ಬಾಬತ್ತುಗಳಿಗೆ ಹತ್ತರವರೆಗೆ ಅಂಕ.

ಒಂದು ಲೆಕ್ಕ ಮಾಡಿ ನೋಡೋಣ. ಇತ್ತೀಚಿನ ಋತುಗಳ ಪಟ್ಟಿಯಲ್ಲಿ ಮೂರು ಸುತ್ತಿನ ಲಟ್ಸ್‌ಗೆ 5.90, ಎರಡು ಸುತ್ತಿನ ಆಕ್ಸೆಲ್‌ಗೆ 3.30. ಮಗು ಲಟ್ಸ್ ಹಾಕಿ ಬಿತ್ತು ಎನ್ನಿ. ಸುತ್ತು ಪೂರ್ತಿಯಾಗಿದ್ದರೂ ಬಿದ್ದದ್ದಕ್ಕೆ ಮೈನಸ್ 5, ಅಂದರೆ ಅರ್ಧ ಬೆಲೆ ಹೋಯಿತು, ಉಳಿದದ್ದು 2.95. ಬಿದ್ದದ್ದಕ್ಕೆ ಒಟ್ಟು ಅಂಕದಿಂದ ಇನ್ನೂ 1 ಅಂಕ ಕಡಿತ. ಕೈಗೆ ಬಂದದ್ದು 1.95. ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಕೊರತೆ ಬಿದ್ದಿದ್ದರೆ ಮೂಲ ಬೆಲೆಯೇ 4.72ಕ್ಕೆ ಇಳಿದು, ಕೊನೆಗೆ ಸಿಗುವುದು 1.36 ಮಾತ್ರ. ಅದೇ ಮಗು ನಿರಾಯಾಸವಾಗಿ, ಎತ್ತರವಾಗಿ ಎರಡು ಸುತ್ತಿನ ಆಕ್ಸೆಲ್ ಹಾಕಿ ಪ್ಲಸ್ 2 ಪಡೆದಿದ್ದರೆ 3.96 ಸಿಗುತ್ತಿತ್ತು.

ಸ್ಪರ್ಧೆ ಮುಗಿದ ಮೇಲೆ ಸಿಗುವ ವಿವರಪಟ್ಟಿಯಲ್ಲಿ ಚಿಹ್ನೆಗಳಿರುತ್ತವೆ. ‘ಕ್ಯೂ’ ಅಕ್ಷರ ಇದ್ದರೆ ಸರಿಯಾಗಿ ಕಾಲು ಸುತ್ತು ಕೊರತೆ. < ಇದ್ದರೆ ಅದಕ್ಕಿಂತ ಹೆಚ್ಚು. << ಇದ್ದರೆ ಅರ್ಧ ಸುತ್ತು ಅಥವಾ ಮೀರಿದ ಕೊರತೆ, ಆಗ ಒಂದು ಸುತ್ತು ಕಡಿಮೆಯ ಜಿಗಿತದ ಬೆಲೆಯಷ್ಟೇ. ‘ಇ’ ಅಕ್ಷರ ಬಂದರೆ ಫ್ಲಿಪ್ ಅಥವಾ ಲಟ್ಸ್‌ನಲ್ಲಿ ತಪ್ಪು ಅಂಚಿನಿಂದ ಮೇಲೆದ್ದಿದೆ. ಋತುವಿಡೀ ಇದೇ ‘ಇ’ ಮರಳಿ ಮರಳಿ ಬಂದರೆ ಹೊಸ ಜಿಗಿತ ಕಲಿಸುವುದನ್ನು ನಿಲ್ಲಿಸಿ ಹಳೆಯ ವೃತ್ತಗಳಿಗೆ ಮರಳಬೇಕು. ಕೋಚ್ ಬಳಿ ವರ್ಷಕ್ಕೆರಡು ಸಲ ಈ ಪಟ್ಟಿಗಳನ್ನು ಹರಡಿಕೊಂಡು ಕೂರಿ. ಪದಕ ಬಂತೇ ಎಂದು ಕೇಳುವುದಕ್ಕಿಂತ ಗಿರಕಿಗಳ ಕಷ್ಟದ ಮಟ್ಟ ಎರಡರಿಂದ ಮೂರಕ್ಕೆ, ನಾಲ್ಕಕ್ಕೆ ಏರಿತೇ ಎಂದು ಕೇಳುವುದು ಉಪಯುಕ್ತ. ಗಿರಕಿ ಮತ್ತು ಹೆಜ್ಜೆಗಳಲ್ಲಿ ಬರುವ ಅಂಕ ಮೂಳೆಗೆ ಅಷ್ಟು ಭಾರವಲ್ಲ.

ವಯಸ್ಸಿನ ಲೆಕ್ಕ

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆ ದಿನಕ್ಕೆ ಮೊದಲು ತುಂಬಿದ ವಯಸ್ಸೇ ಲೆಕ್ಕಕ್ಕೆ. ಸಿಂಗಲ್ಸ್‌ನಲ್ಲಿ ಜೂನಿಯರ್ ಆಗಲು 13 ತುಂಬಿರಬೇಕು, 19 ತುಂಬಿರಬಾರದು. ಹಿರಿಯರ ವಿಭಾಗಕ್ಕೆ ಕನಿಷ್ಠ 17.

ಜಪಾನಿನ ಮಾವೊ ಅಸಾದಾ 2005ರ ಡಿಸೆಂಬರ್‌ನಲ್ಲಿ ಹಿರಿಯರ ಗ್ರ್ಯಾನ್ ಪ್ರಿ ಫೈನಲ್ ಗೆದ್ದರು. ಎರಡು ತಿಂಗಳ ನಂತರದ ಟ್ಯೂರಿನ್ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ. ಅವರ ಹುಟ್ಟಿದ ದಿನ 1990ರ ಸೆಪ್ಟೆಂಬರ್ 25. ಒಲಿಂಪಿಕ್ಸ್‌ಗೆ ಆಗ ಇದ್ದ 15ರ ಮಿತಿಗೆ 87 ದಿನ ಕಡಿಮೆ ಬಿತ್ತು. ಒಲಿಂಪಿಕ್ ಪದಕಕ್ಕೆ 2010ರ ವ್ಯಾಂಕೂವರ್‌ವರೆಗೆ ಕಾಯಬೇಕಾಯಿತು, ಅದೂ ಬೆಳ್ಳಿ. ಮಿತಿ 15ರಿಂದ 17ಕ್ಕೆ ಏರಿದ್ದು 2022ರ ಬೀಜಿಂಗ್ ಒಲಿಂಪಿಕ್ಸ್‌ನ ನಂತರ. ಅಲ್ಲಿ 15ರ ಕಮಿಲಾ ವಲೀವಾ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಲುಕಿ, ಇಡೀ ಜಗತ್ತಿನ ಕ್ಯಾಮೆರಾಗಳ ಮುಂದೆ ಮತ್ತೆ ಮತ್ತೆ ಬಿದ್ದ ದೃಶ್ಯವನ್ನು ನೋಡಿದವರು ಮರೆತಿರಲಾರರು. ಆ ಹುಡುಗಿಯ ಸುತ್ತ ಇದ್ದ ದೊಡ್ಡವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅದೇ ವರ್ಷದ ಜೂನ್‌ನಲ್ಲಿ ಒಕ್ಕೂಟ ಹೊಸ ನಿಯಮ ತಂದಿತು, ಮಿತಿ ಮೊದಲು 16, ನಂತರ 2024–25ರ ಋತುವಿನಿಂದ 17.

ಇದನ್ನು ಪೋಷಕರು ಅನುಕೂಲ ಎಂದೇ ನೋಡಬೇಕು. ಹನ್ನೆರಡಕ್ಕೆ ನಾಲ್ಕು ಸುತ್ತು ಹಾಕಬೇಕೆಂಬ ಒತ್ತಡಕ್ಕೆ ಈಗ ಅರ್ಥವಿಲ್ಲ. ಮಗುವಿನ ಹುಟ್ಟಿದ ದಿನದ ಮುಂದೆ ಜುಲೈ 1ರ ಲೆಕ್ಕ ಹಾಕಿ ಯಾವ ಋತುವಿಗೆ ಜೂನಿಯರ್, ಯಾವುದಕ್ಕೆ ಹಿರಿಯರ ವಿಭಾಗ ಎಂದು ಬರೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ದೇಶದೊಳಗಿನ ಪರೀಕ್ಷೆಗಳು, ಕ್ಲಬ್ ಸ್ಪರ್ಧೆಗಳು, ಪ್ರಾದೇಶಿಕ ಮಟ್ಟ ಇರುತ್ತವೆ. ಜೂನಿಯರ್ ಹಂತದಲ್ಲಿ ಗ್ರ್ಯಾನ್ ಪ್ರಿ ಸರಣಿ ಬೇಸಿಗೆಯ ಕೊನೆಗೆ ಶುರುವಾಗುತ್ತದೆ. ಹಿರಿಯರಿಗೆ ಶರತ್ಕಾಲದಲ್ಲಿ ಚಾಲೆಂಜರ್ ಮತ್ತು ಗ್ರ್ಯಾನ್ ಪ್ರಿ ಸ್ಪರ್ಧೆಗಳು, ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್.

ಯಾವ ದೇಶದ ಪರ?

ಹೊರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. ಅಮೆರಿಕ, ಜಪಾನ್‌ಗಳಲ್ಲಿ ಪೈಪೋಟಿ ವಿಪರೀತ. ವಿಶ್ವ ಚಾಂಪಿಯನ್‌ಷಿಪ್‌ಗೆ ಒಂದು ವಿಭಾಗದಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ ಮೂರು ಸ್ಥಾನ. ಭಾರತದ ಪರವಾದರೆ ಪೈಪೋಟಿ ಕಡಿಮೆ, ಆದರೆ ದಾರಿ ಸುಲಭವೇನಲ್ಲ. ಒಕ್ಕೂಟ ನಿಗದಿಪಡಿಸಿದ ಕನಿಷ್ಠ ತಾಂತ್ರಿಕ ಅಂಕವನ್ನು ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗಳಿಸಿದವರಿಗಷ್ಟೇ ದೊಡ್ಡ ಚಾಂಪಿಯನ್‌ಷಿಪ್‌ಗಳ ಬಾಗಿಲು ತೆರೆಯುತ್ತದೆ, ಯಾವ ದೇಶದವರಾದರೂ ಸರಿ.

ಪಾಸ್‌ಪೋರ್ಟ್ ವಿಚಾರ ಸ್ಪಷ್ಟವಾಗಿರಲಿ. ಈವರೆಗಿನ ನಿಯಮದಂತೆ ಭಾರತವನ್ನು ಪ್ರತಿನಿಧಿಸಲು ಭಾರತದ ಪೌರತ್ವವೇ ಬೇಕು, ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ನಡೆಯುವುದಿಲ್ಲ. ಭಾರತ ಎರಡು ಪೌರತ್ವವನ್ನು ಒಪ್ಪುವುದೂ ಇಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ತಾರಾ ಪ್ರಸಾದ್ ಭಾರತದ ಪೌರತ್ವ ಪಡೆದು ನಮ್ಮ ರಾಷ್ಟ್ರೀಯ ಚಾಂಪಿಯನ್ ಆದರು, 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಎಂಟನೆಯವರಾದರು. ಅದು ದೊಡ್ಡ ನಿರ್ಧಾರ. ಓದು, ಕೆಲಸ, ವಾಸ ಎಲ್ಲವನ್ನೂ ತಾಗುವಂಥದ್ದು. ಹತ್ತು ವರ್ಷದ ಮಗುವಿನ ಪರವಾಗಿ ಅಪ್ಪ ಅಮ್ಮ ಅದನ್ನು ಮಾಡಕೂಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಒಂದು ದೇಶದ ಪರ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿದ ಮೇಲೆ ಬದಲಾಯಿಸಬೇಕೆಂದರೆ ಹಳೆಯ ಸಂಸ್ಥೆಯ ಒಪ್ಪಿಗೆ ಬೇಕು, ಕಾಯುವ ಅವಧಿಯೂ ಇದೆ. ಹಾಗಾಗಿ ಮೊದಲ ಜೂನಿಯರ್ ಸ್ಪರ್ಧೆಯ ಅರ್ಜಿ ತುಂಬುವ ಮೊದಲು ಮಗುವನ್ನೂ ಕೂರಿಸಿಕೊಂಡು ಮಾತಾಡಿ.

ಕರ್ನಾಟಕದಲ್ಲೇ ಇದ್ದು ಕಲಿಯಬೇಕೆನ್ನುವವರಿಗೆ ನೇರ ಮಾತು: ಪೂರ್ಣ ಅಳತೆಯ, ಅಂದರೆ 60 ಮೀಟರ್ ಉದ್ದ 30 ಮೀಟರ್ ಅಗಲದ ರಿಂಕ್ ಬೇಕೆಂದರೆ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಡೆಹ್ರಾಡೂನ್‌ನದಿದೆ. ಶಿಮ್ಲಾದಲ್ಲಿ ಚಳಿಗಾಲದ ಬಯಲು ರಿಂಕ್ ಇದೆ, ಗುರುಗ್ರಾಮದ ಮಾಲ್‌ನಲ್ಲಿ ಸಣ್ಣದೊಂದಿದೆ. ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರುಗಳಲ್ಲಿ ಗಾಲಿ ಸ್ಕೇಟಿಂಗ್ ಕ್ಲಬ್‌ಗಳು ಚೆನ್ನಾಗಿ ಬೆಳೆದಿವೆ. ಗಾಲಿಯ ಮೇಲೂ ಕಲಾತ್ಮಕ ಸ್ಕೇಟಿಂಗ್ ಎಂಬ ಪ್ರತ್ಯೇಕ ಕ್ರೀಡೆಯಿದೆ, ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೆ. ಅಲ್ಲಿ ಶುರು ಮಾಡಿ, ರಜೆಯಲ್ಲಿ ಮಂಜಿನ ಶಿಬಿರಗಳಿಗೆ ಕಳಿಸುವುದು ಸದ್ಯಕ್ಕೆ ಸಾಧ್ಯವಿರುವ ದಾರಿ.

ಸಣ್ಣ ರಿಂಕ್ ಎಂದು ಎದೆಗುಂದುವವರು ಮೆಕ್ಸಿಕೊದ ಡೊನೊವನ್ ಕರಿಯೊ ಅವರನ್ನು ನೆನೆಯಲಿ. ತಮ್ಮೂರಿನ ರಿಂಕ್ ಮುಚ್ಚಿದಾಗ 13ರ ಹುಡುಗ ಕೋಚ್ ಜೊತೆ ಲಿಯೊನ್ ನಗರಕ್ಕೆ ಹೋಗಿ, ಮಾಲ್‌ನ ರಿಂಕ್‌ನಲ್ಲಿ ಅಭ್ಯಾಸ ಮಾಡಿ ಬೀಜಿಂಗ್ ಒಲಿಂಪಿಕ್ಸ್‌ನ ಅಂತಿಮ ಸುತ್ತಿನವರೆಗೆ ಹೋದರು. ಫಿಲಿಪ್ಪೀನ್ಸ್‌ನ ಮೈಕೆಲ್ ಮಾರ್ಟಿನೆಜ್ ಮಾಲ್ ರಿಂಕ್‌ನಲ್ಲಿಯೇ ಕಲಿತು 2014ರ ಸೋಚಿಗೆ ಹೋದರು. ಜಪಾನಿನ ಸೆಂಡಾಯ್‌ನ ಯುಜುರು ಹನ್ಯು 2011ರ ಮಾರ್ಚ್ 11ರ ಭೂಕಂಪವಾದಾಗ ರಿಂಕ್‌ನಲ್ಲೇ ಇದ್ದರು, ಸ್ಕೇಟ್ ಬೂಟಿನಲ್ಲೇ ಹೊರಗೆ ಓಡಿದರು. ರಿಂಕ್ ಮುಚ್ಚಿದ ಮೇಲೆ ಬೇರೆ ಬೇರೆ ಊರುಗಳ ಐಸ್ ಶೋಗಳಲ್ಲಿ ಭಾಗವಹಿಸುತ್ತಲೇ ಅಭ್ಯಾಸ ಉಳಿಸಿಕೊಂಡು, 2014 ಮತ್ತು 2018ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು.

ಹಣ, ಶಾಲೆ, ಔಷಧ

ಅಮೆರಿಕದಲ್ಲಿ ರಾಷ್ಟ್ರಮಟ್ಟಕ್ಕೆ ಏರಿದ ಮಗುವಿಗೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಬೇಕಾಗುತ್ತದೆ. ಕೋಚ್ ಶುಲ್ಕ ಎಲ್ಲರಿಗೂ ಕಾಣುತ್ತದೆ. ಕಾಣದ ಬಾಬತ್ತುಗಳೆಂದರೆ ರಿಂಕ್‌ನ ಸಮಯ, ನೃತ್ಯ ಸಂಯೋಜಕರು, ಸಂಗೀತ ಕತ್ತರಿಸಿ ಜೋಡಿಸುವುದು, ಉಡುಪು, ಫಿಸಿಯೊಥೆರಪಿ, ಸ್ಪರ್ಧೆಗೆ ಹೋದಾಗ ಕೋಚ್‌ನ ಪ್ರಯಾಣ ಮತ್ತು ವಸತಿಯ ಪಾಲು. ಪ್ರತಿ ಬೇಸಿಗೆಯಲ್ಲಿ ಮುಂದಿನ ವರ್ಷಕ್ಕಷ್ಟೇ ಬಜೆಟ್ ಹಾಕಿ. ಮನೆ ಅಡ ಇಡಬೇಡಿ. ಅಕ್ಕ ಅಥವಾ ತಮ್ಮನ ಓದಿನ ಹಣಕ್ಕೆ ಕೈ ಹಾಕಬೇಡಿ. ‘ನಿನಗಾಗಿ ಇಷ್ಟು ಖರ್ಚು ಮಾಡಿದೆವು’ ಎಂಬ ಮಾತು ಮಗುವಿನ ಕಿವಿಗೆ ಬೀಳಲೇಬಾರದು.

ಶಾಲೆ ಬಿಡಿಸುವ ಒತ್ತಡ ಹದಿಮೂರು ಹದಿನಾಲ್ಕಕ್ಕೆ ಬರುತ್ತದೆ. ಆನ್‌ಲೈನ್ ಶಾಲೆ ಕೆಲವರಿಗೆ ಹೊಂದುತ್ತದೆ, ಆದರೆ ಓದು ನಿಲ್ಲಬಾರದು. 2022ರ ಒಲಿಂಪಿಕ್ ಚಾಂಪಿಯನ್ ನೇಥನ್ ಚೆನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಲೇ ವಿಶ್ವ ಪ್ರಶಸ್ತಿ ಗೆದ್ದವರು. 1956ರ ಚಾಂಪಿಯನ್ ಟೆನ್ಲಿ ಆಲ್‌ಬ್ರೈಟ್ ಶಸ್ತ್ರಚಿಕಿತ್ಸಕಿಯಾದರು.

ಔಷಧದ ಬಗ್ಗೆ ಎಚ್ಚರ. ದೊಡ್ಡ ಸ್ಪರ್ಧೆಗಳಿಗೆ ಬಂದ ಮೇಲೆ ಮೈಯಲ್ಲಿ ಏನು ಸಿಕ್ಕರೂ ಹೊಣೆ ಕ್ರೀಡಾಪಟುವಿನದೇ. ಊರಿನಿಂದ ಬಂದ ಲೇಹ್ಯ, ಭಸ್ಮ, ಪುಡಿಗಳಲ್ಲಿ ಏನಿದೆ ಎಂದು ಡಬ್ಬಿಯ ಮೇಲೆ ಪೂರ್ತಿ ಬರೆದಿರುವುದಿಲ್ಲ. ಅವನ್ನು ಕೊಡಬೇಡಿ. ಅಜ್ಜಿ ಮಾಡಿದ ಶುಂಠಿ ಕಷಾಯಕ್ಕೆ ಅಡ್ಡಿಯಿಲ್ಲ. ನೆಗಡಿಯ ಮಾತ್ರೆ, ಆಸ್ತಮಾ ಇನ್ಹೇಲರ್‌ಗಳನ್ನು ನಿಷೇಧಿತ ಪಟ್ಟಿಯೊಂದಿಗೆ ತಾಳೆ ನೋಡಿ, ಅಗತ್ಯವಿದ್ದರೆ ವೈದ್ಯಕೀಯ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ.

ನಿಲ್ಲಿಸುವುದು, ಮತ್ತೆ ಬರುವುದು

ಬಹುತೇಕ ಮಕ್ಕಳು ಹದಿನಾರರಿಂದ ಇಪ್ಪತ್ತರ ನಡುವೆ ಸ್ಪರ್ಧೆ ಬಿಡುತ್ತಾರೆ. ಅದು ಸೋಲಲ್ಲ. ಐಸ್ ಶೋಗಳು, ಕೋಚಿಂಗ್, ನೃತ್ಯ ಸಂಯೋಜನೆ, ತಾಂತ್ರಿಕ ಸಮಿತಿಯ ತಜ್ಞರಾಗುವುದು, ತೀರ್ಪುಗಾರರಾಗುವುದು ಹೀಗೆ ದಾರಿಗಳಿವೆ. ಅಮೆರಿಕದ ಕಾಲೇಜುಗಳಲ್ಲಿ ಹಲವರು ಒಟ್ಟಾಗಿ ಮಾಡುವ ಸಿಂಕ್ರೊನೈಸ್ಡ್ ಸ್ಕೇಟಿಂಗ್ ತಂಡಗಳಿವೆ. ಒಬ್ಬರೇ ಸ್ಪರ್ಧಿಸಿ ದಣಿದವರಿಗೆ ಅಲ್ಲಿ ಬೇರೆಯೇ ಖುಷಿ ಸಿಗುತ್ತದೆ.

ಬಿಟ್ಟವರು ಮರಳಿ ಬರುವುದೂ ಉಂಟು. ಡಿಯಾನಾ ಸ್ಟೆಲ್ಲಾಟೊ–ಡುಡೆಕ್ 2000ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು, ಗಾಯಗಳಿಂದ ಬೇಸತ್ತು ಸ್ಕೇಟಿಂಗ್ ಬಿಟ್ಟರು. ಹದಿನೈದು ವರ್ಷಕ್ಕೂ ಹೆಚ್ಚು ಕಾಲದ ನಂತರ ಜೋಡಿ ವಿಭಾಗಕ್ಕೆ ಮರಳಿ, 2024ರಲ್ಲಿ ಮಾಂಟ್ರಿಯಲ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮ್ಯಾಕ್ಸಿಮ್ ಡೆಶಾಂ ಜೊತೆ ಕೆನಡಾದ ಪರ ವಿಶ್ವ ಚಾಂಪಿಯನ್ ಆದರು. ಅಲಿಸಾ ಲಿಯು 13ಕ್ಕೇ ಅಮೆರಿಕದ ಚಾಂಪಿಯನ್, 16ಕ್ಕೇ ನಿವೃತ್ತಿ. ಎರಡು ವರ್ಷ ರಿಂಕ್‌ನಿಂದ ದೂರವಿದ್ದು, ತಮ್ಮ ಇಷ್ಟದ ಮೇಲೆ, ತಮ್ಮದೇ ನಿಬಂಧನೆಗಳೊಂದಿಗೆ ಮರಳಿ 2025ರಲ್ಲಿ ಬೋಸ್ಟನ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದರು.

ಆದ್ದರಿಂದ ಮಗು ‘ಸಾಕು’ ಎಂದಾಗ ವಾದಿಸಬೇಡಿ, ಆದರೆ ಕಾಗದಪತ್ರದ ಒಂದು ವಿಷಯ ನೆನಪಿರಲಿ. ಉದ್ದೀಪನ ಮದ್ದು ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿರುವ ಕ್ರೀಡಾಪಟು ಅಧಿಕೃತವಾಗಿ ನಿವೃತ್ತಿ ಪತ್ರ ಕೊಟ್ಟರೆ, ಮರಳಿ ಸ್ಪರ್ಧಿಸುವ ಆರು ತಿಂಗಳ ಮೊದಲು ಲಿಖಿತವಾಗಿ ತಿಳಿಸಿ ಪರೀಕ್ಷೆಗೆ ಲಭ್ಯವಿರಬೇಕು. ಮನಸ್ಸು ಇನ್ನೂ ಎರಡಾಗಿದ್ದರೆ ಪತ್ರ ಕೊಡುವ ಮೊದಲು ಒಂದು ಋತು ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಲಿ. ಆ ಅವಧಿಯಲ್ಲಿ ತಾನು ಎಲ್ಲಿರುತ್ತೇನೆ ಎಂಬ ಮಾಹಿತಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ತುಂಬುವುದನ್ನು ಮಾತ್ರ ತಪ್ಪಿಸಬಾರದು.